ತೊಟ್ಟಿ ತುಂಬಿದ್ದರೂ ಎಂಜಿನ್ ನಿಲ್ಲುವುದೇಕೆ?

ಪಾಂಡವಪುರದಿಂದ ನಾಗಮಂಗಲದ ಕಡೆಗೆ ಹೊರಟ ಮೋಟಾರ್ ಸೈಕಲ್ಲೊಂದು ಊರು ದಾಟಿ ನಾಲ್ಕಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಪೆಟ್ರೋಲ್ ತೊಟ್ಟಿಯನ್ನು ಹೊರಡುವ ಮುನ್ನವೇ ಕಂಠಮಟ್ಟ ತುಂಬಿಸಿದ್ದಾಗಿದೆ. ಸವಾರನು ಪ್ಲಗ್ಗನ್ನು ಬಿಚ್ಚಿ ಒರೆಸುತ್ತಾನೆ, ಹತ್ತಾರು ಸಲ ಕಿಕ್ ಹೊಡೆದು ಬೆವರುತ್ತಾನೆ. ಕಾಲು ಗಂಟೆ ಕಳೆದ ಮೇಲೆ ಗಾಡಿ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಎರಡು ಮೂರು ಕಿಲೋಮೀಟರ್ ಹೋಗಿ ಮತ್ತೆ ನಿಲ್ಲುತ್ತದೆ. ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆಗಳ ಕಡೆಯ ವಾಚಕರಲ್ಲಿ ತಂದೆಯ ಹಳೆಯ ಗಾಡಿಯನ್ನೇರಿ ಕಾಲೇಜಿಗೆ ಹೋಗುವವರಿಗೆ ಈ ಅನುಭವ ಹೊಸದಾಗಿರಲಾರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಅವುಗಳಲ್ಲಿ ಪೆಟ್ರೋಲನ್ನು ಎಂಜಿನಿಗೆ ಒಯ್ಯಲು ಪಂಪು ಇಲ್ಲ. ಭೂಮಿಯ ಆಕರ್ಷಣೆಯೇ ಅಲ್ಲಿನ ಪಂಪು.

ಪೆಟ್ರೋಲಿನ ದಾರಿ ಬಹಳ ಸರಳ. ತೊಟ್ಟಿಯ ತಳದಲ್ಲಿ ಒಂದು ನಲ್ಲಿ. ಕಾರ್ಯಾಗಾರದವರು ಇದನ್ನು 'ಕಾಕ್' ಎನ್ನುವರು. ನಲ್ಲಿಯಿಂದ ಕಾರ್ಬ್ಯುರೇಟರಿಗೆ ಒಂದು ರಬ್ಬರ್ ಕೊಳವೆ. ಕಾರ್ಬ್ಯುರೇಟರಿನ ಚಿಕ್ಕ ಬಟ್ಟಲಿನಲ್ಲಿ ಒಂದು ತೇಲುಬುರುಡೆ. ಬಟ್ಟಲು ತುಂಬಿದೊಡನೆ ಬುರುಡೆಯು ಮೇಲೆದ್ದು, ಸೂಜಿಯಾಕಾರದ ಮುಚ್ಚಳವೊಂದನ್ನು ಒತ್ತಿ ದಾರಿಯನ್ನು ಕಟ್ಟುತ್ತದೆ.

ನಲ್ಲಿಯ ಒಳರಚನೆಯನ್ನು ತಿಳಿಯಲು ನಮ್ಮ ಕೆರೆಗಳ ಹಳೆಯ ಕಲ್ಲುತೂಬನ್ನು ನೆನೆದರೆ ಸಾಕು. ತೂಬಿನಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಕಂಡಿಗಳಿದ್ದು, ನೀರು ಇಳಿದಂತೆಲ್ಲ ಕೆಳಗಿನ ಕಂಡಿಯನ್ನು ತೆರೆಯುವುದುಂಟು. ಪೆಟ್ರೋಲ್ ನಲ್ಲಿಯಲ್ಲಿಯೂ ಹೀಗೆಯೇ: ತೊಟ್ಟಿಯೊಳಕ್ಕೆ ಎದ್ದು ನಿಂತ ಉದ್ದನೆಯ ನಳಿಗೆಯೊಂದು, ತಳಕ್ಕೆ ಹತ್ತಿರವಾದ ರಂಧ್ರವೊಂದು. ಮಾಮೂಲು ಸ್ಥಾನದಲ್ಲಿ ಪೆಟ್ರೋಲು ಉದ್ದನೆಯ ನಳಿಗೆಯಿಂದ ಬರುತ್ತದೆ. ಮಟ್ಟವು ಅದರ ತುದಿಗಿಂತ ಕೆಳಗಿಳಿದರೆ ಹರಿವು ನಿಲ್ಲುತ್ತದೆ. ಹಿಡಿಯನ್ನು 'ರಿಸರ್ವ್' ಕಡೆಗೆ ತಿರುಗಿಸಿದರೆ ಕೆಳರಂಧ್ರ ತೆರೆಯುತ್ತದೆ. ರಿಸರ್ವ್ ಎಂಬುದು ಬೇರೆಯ ತೊಟ್ಟಿಯೆಂದು ಭಾವಿಸಿರುವವರು ವಿದ್ಯಾವಂತರಲ್ಲಿಯೂ ಇದ್ದಾರೆ! ಅದು ಅದೇ ತೊಟ್ಟಿಯ ತಳದ ಪೆಟ್ರೋಲು. ಪೆಟ್ರೋಲ್ ಹಾಕಿಸಿದ ಮೇಲೆ ಹಿಡಿಯನ್ನು ಹಿಂದಕ್ಕೆ ತಿರುಗಿಸಲು ಮರೆತವನಿಗೆ ಮುಂದಿನ ಸಲ ಯಾವ ಎಚ್ಚರಿಕೆಯೂ ದೊರೆಯದು.

ಇನ್ನು ನಮ್ಮ ಸವಾರನ ತೊಂದರೆಗೆ ಬರೋಣ. ಅಂಗಡಿಯವನು ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ಗುಳುಗುಳು ಎಂದು ತಡೆತಡೆದು ಬೀಳುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಮಾಡಿದೊಡನೆ ಧಾರೆಯಾಗಿ ಸುರಿಯುತ್ತದೆ. ದ್ರವವು ಕೆಳಗಿಳಿಯಬೇಕಾದರೆ ಅದರ ಜಾಗಕ್ಕೆ ಗಾಳಿ ಬರಬೇಕು. ತೊಟ್ಟಿಯ ಮುಚ್ಚಳದಲ್ಲಿ ಇದಕ್ಕೆಂದೇ ಒಂದು ಸಣ್ಣ ರಂಧ್ರವಿರುತ್ತದೆ. ಧೂಳು, ತುಕ್ಕು, ಗಾಡಿ ತೊಳೆದಾಗ ಹೊಕ್ಕ ಕೆಸರು ಇದನ್ನು ಮುಚ್ಚಿಬಿಡುವುದುಂಟು.

ಇಷ್ಟು ಸಣ್ಣ ರಂಧ್ರ ಮುಚ್ಚಿದರೆ ಏನಾದೀತು? ಲೆಕ್ಕ ಹಾಕಿ ನೋಡೋಣ. ತೊಟ್ಟಿಯಲ್ಲಿ ಪೆಟ್ರೋಲಿನ ಮಟ್ಟವು ಕಾರ್ಬ್ಯುರೇಟರಿಗಿಂತ 20 ಸೆಂಟಿಮೀಟರ್ ಎತ್ತರದಲ್ಲಿದೆಯೆನ್ನಿ. ಪೆಟ್ರೋಲು ನೀರಿನ ಮುಕ್ಕಾಲು ಪಾಲಿನಷ್ಟು ಮಾತ್ರ ಭಾರವಾದುದರಿಂದ ಇದು 15 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಸಮ. ವಾತಾವರಣದ ಒತ್ತಡವಾದರೋ ಸುಮಾರು 10 ಮೀಟರ್ ನೀರಿಗೆ ಸಮ. ಎಂದರೆ, ತೊಟ್ಟಿಯೊಳಗಿನ ಗಾಳಿಯ ಒತ್ತಡವು ನೂರರಲ್ಲಿ ಒಂದೂವರೆ ಪಾಲು ಕುಗ್ಗಿದರೂ ಸಾಕು, ಪೆಟ್ರೋಲು ಇಳಿಯದೆ ನಿಂತುಬಿಡುತ್ತದೆ. ತೊಟ್ಟಿಯಲ್ಲಿ 5 ಲೀಟರ್ ಗಾಳಿ ಇದ್ದರೆ, ಬಾಯ್ಲನ ನಿಯಮದಂತೆ 75 ಮಿಲಿಲೀಟರ್ ಪೆಟ್ರೋಲ್ ಹೊರಬಿದ್ದಾಗ ಈ ಸ್ಥಿತಿ ಒದಗುತ್ತದೆ; ಲೀಟರಿಗೆ 40 ಕಿಲೋಮೀಟರ್ ಓಡುವ ಗಾಡಿಗೆ ಅದು 3 ಕಿಲೋಮೀಟರ್ ದಾರಿ. ತೊಟ್ಟಿ ತುಂಬಿದ್ದು ಗಾಳಿ ಒಂದೇ ಲೀಟರ್ ಇದ್ದರೆ ಇನ್ನೂ ಬೇಗ! ಪೆಟ್ರೋಲಿನ ಆವಿಯು ಖಾಲಿ ಜಾಗವನ್ನು ತಕ್ಕಮಟ್ಟಿಗೆ ತುಂಬುವುದರಿಂದಲೂ ಬಟ್ಟಲಿನಲ್ಲಿ ಸ್ವಲ್ಪ ಉಳಿದಿರುವುದರಿಂದಲೂ ನಿಜವಾದ ದೂರ ಇದಕ್ಕಿಂತ ಹೆಚ್ಚು. ಆದರೆ ತುಂಬಿದ ತೊಟ್ಟಿಯೇ ಮೊದಲು ಕೈಕೊಡುವುದೆಂಬ ವಿಚಿತ್ರವು ಇದರಿಂದ ಸ್ಪಷ್ಟವಾಗುತ್ತದೆ. ಕಾಲು ಗಂಟೆ ನಿಂತಾಗ ಮುಚ್ಚಳದ ಸಂದಿನಲ್ಲಿ ಗಾಳಿ ನಿಧಾನವಾಗಿ ನುಸುಳುವುದರಿಂದ ಗಾಡಿ ಪುನಃ ಹೊರಡುತ್ತದೆ. ಗಾಡಿ ನಿಂತ ಕೂಡಲೆ ಮುಚ್ಚಳವನ್ನು ತೆರೆದು ಕಿವಿಗೊಡಿರಿ. 'ಸುಯ್' ಎಂದು ಗಾಳಿ ಒಳನುಗ್ಗಿದರೆ ಪ್ಲಗ್ಗನ್ನು ಬಿಚ್ಚುವ ಅಗತ್ಯವೇ ಇಲ್ಲ.

ಸದ್ದು ಬಾರದಿದ್ದರೆ ಇನ್ನೊಂದು ಪರೀಕ್ಷೆ ಉಂಟು. ಎಂಜಿನ್ ಪೂರ್ತಿ ಆರಿದ ಮೇಲೆ, ಬಯಲಿನಲ್ಲಿ, ಹತ್ತಿರದಲ್ಲಿ ಬೀಡಿಯ ಕಿಡಿಯೂ ಇಲ್ಲದಂತೆ ನೋಡಿಕೊಂಡು, ಕಾರ್ಬ್ಯುರೇಟರಿನ ಬಳಿ ಕೊಳವೆಯನ್ನು ಕಳಚಿ ಅದರ ತುದಿಯನ್ನು ಶುಭ್ರವಾದ ಗಾಜಿನ ಸೀಸೆಯಲ್ಲಿಟ್ಟು ನಲ್ಲಿಯನ್ನು ತೆರೆಯಬೇಕು. ಧಾರೆ ಸಮನಾಗಿ ಬಿದ್ದರೆ ನಲ್ಲಿಯದು ತಪ್ಪಲ್ಲ. ದೋಷವು ಕಾರ್ಬ್ಯುರೇಟರಿನಲ್ಲೋ ಬೇರೆಡೆಯೋ ಇದೆ. ತೊಟ್ಟಿಯ ಮುಚ್ಚಳ ತೆರೆದಿದ್ದರೂ ತೊಟ್ಟಿಕ್ಕುತ್ತಿದ್ದರೆ ನಲ್ಲಿಯ ಜಾಲರಿಯಲ್ಲಿ ಕಸ ಕಟ್ಟಿದೆ ಅಥವಾ ಕೊಳವೆ ಮಡಿಚಿಕೊಂಡಿದೆ. ಇದೇ ಪರೀಕ್ಷೆಯನ್ನು ರಿಸರ್ವ್ ಸ್ಥಾನದಲ್ಲಿಯೂ ಮಾಡತಕ್ಕದ್ದು. ತುಕ್ಕು, ಮಣ್ಣು, ನೀರು ಎಲ್ಲವೂ ತಳಕ್ಕೆ ಸೇರುವುದರಿಂದ ಮೊದಲು ಕಟ್ಟಿಕೊಳ್ಳುವುದು ಕೆಳರಂಧ್ರವೇ. ವರ್ಷಗಟ್ಟಲೆ ರಿಸರ್ವನ್ನು ಮುಟ್ಟದವನಿಗೆ ಈ ಸಂಗತಿ ಬೇಕಾದ ದಿನವೇ ತಿಳಿಯುತ್ತದೆ.

ಸೀಸೆಯನ್ನು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದೇ ಒಂದು ಪ್ರಯೋಗಶಾಲೆ. ತಳದಲ್ಲಿ ಕೆಂಗಂದು ಪುಡಿ ಇದ್ದರೆ ತೊಟ್ಟಿಯ ಒಳಮೈ ತುಕ್ಕು ಹಿಡಿದಿದೆ. ಬೇರೆಯಾಗಿ ನಿಂತ ತಿಳಿಯಾದ ಪದರವಿದ್ದರೆ ಅದು ನೀರು. ಆದರೆ ಈಗ ಬರಿಯ ನೀರೆನ್ನುವಂತಿಲ್ಲ. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ನೂರಕ್ಕೆ 20ರಷ್ಟಾಯಿತು. ಕಬ್ಬಿನ ಕಾಕಂಬಿಯಿಂದಲೂ ತಯಾರಾಗುವ ಈ ಮದ್ಯಸಾರವು ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಅಪರಿಚಿತವೇನಲ್ಲ. ಎಥನಾಲು ನೀರನ್ನು ಹೀರಿಕೊಳ್ಳುತ್ತದೆ; ನೀರು ಒಂದು ಮಿತಿ ಮೀರಿದರೆ ಪೆಟ್ರೋಲನ್ನು ತೊರೆದು ನೀರಿನೊಡನೆ ಸೇರಿ ತಳಕ್ಕಿಳಿಯುತ್ತದೆ. ಆ ಪದರದಿಂದ ಎಂಜಿನ್ ಓಡದು. ಅಲ್ಲದೆ, ಹಳೆಯ ನಲ್ಲಿಗಳ ರಬ್ಬರ್ ಬಿಲ್ಲೆಗಳು ಎಥನಾಲನ್ನು ಎಣಿಸಿ ಮಾಡಿದವುಗಳಲ್ಲ. ಅವು ಊದಿಕೊಂಡು ದಾರಿಯನ್ನು ಕಿರಿದಾಗಿಸುವುದುಂಟು, ಮೆತ್ತಗಾಗಿ ಸೋರುವುದೂ ಉಂಟು. ಬೆಂಡಿನ ಬಿಲ್ಲೆಗಳಿಗೆ ಬೇರೆಯ ರೋಗ: ತೊಟ್ಟಿ ಬಹುಕಾಲ ಬರಿದಾಗಿದ್ದರೆ ಒಣಗಿ ಕುಗ್ಗುತ್ತವೆ.

ಹರಿಯದಿರುವುದಕ್ಕಿಂತ ಸೋರುವುದು ಅಪಾಯಕರವೆಂದು ನಮ್ಮ ಅಭಿಪ್ರಾಯ. ಐದು ಸೆಕೆಂಡಿಗೆ ಒಂದು ಹನಿ ಬಿದ್ದರೆ ಹತ್ತು ಗಂಟೆಯ ರಾತ್ರಿಯಲ್ಲಿ 7200 ಹನಿ. ನಲವತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ 180 ಮಿಲಿಲೀಟರ್. ಗಾಡಿಯನ್ನು ಹಜಾರದಲ್ಲಿಯೇ ನಿಲ್ಲಿಸುವ ಮನೆಗಳು ನಮ್ಮಲ್ಲಿ ಅನೇಕ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಿದು ಅಡಿಗೆಮನೆಯ ಒಲೆಯವರೆಗೆ ಹೋಗಬಲ್ಲದು. ಸೂಜಿಮುಚ್ಚಳವೂ ಸವೆದಿದ್ದು ನಲ್ಲಿಯನ್ನು ತೆರೆದೇ ಬಿಟ್ಟಿದ್ದರೆ ಪೆಟ್ರೋಲು ಎಂಜಿನಿನ ಒಡಲಿಗೇ ಇಳಿಯಬಹುದು. ಬೆಳಗ್ಗೆ ಕಿಕ್ ಹೊಡೆದರೆ ಗಾಡಿ ಏಳದು. ಗಾಡಿ ನಿಲ್ಲಿಸಿದಾಗಲೆಲ್ಲ ನಲ್ಲಿಯನ್ನು ಮುಚ್ಚುವ ಹಿರಿಯರ ರೂಢಿಗೆ ಕಾರಣ ಇದೇ. ತೊಟ್ಟಿಯೊಳಗೆ ನೋಡಲು ಬೆಂಕಿಕಡ್ಡಿ ಗೀರುವುದು, ಕಟ್ಟಿದ ಕೊಳವೆಯನ್ನು ಬಾಯಿಂದ ಹೀರುವುದು, ಇವೆರಡನ್ನೂ ಎಂದಿಗೂ ಮಾಡಕೂಡದು. ಶ್ವಾಸಕೋಶಕ್ಕೆ ಸೇರಿದ ಸ್ವಲ್ಪ ಪೆಟ್ರೋಲೂ ಪ್ರಾಣಾಪಾಯವನ್ನು ತರಬಲ್ಲದು.

ಭಾರತ್ ಸ್ಟೇಜ್ 6 ನಿಯಮಗಳು 2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಮೇಲೆ ತಯಾರಾದ ಬಹುತೇಕ ಗಾಡಿಗಳಲ್ಲಿ ಪೆಟ್ರೋಲನ್ನು ವಿದ್ಯುತ್ ಪಂಪು ಒತ್ತಿ ಕಳುಹಿಸುತ್ತದೆ. ನಲ್ಲಿಯ ಹಿಡಿಯೇ ಇಲ್ಲ. ಅವುಗಳಿಗೆ ಸೀಸೆಯ ಪರೀಕ್ಷೆ ಸಲ್ಲದು. ಹಳೆಯ ಗಾಡಿಯವರು ಮಾತ್ರ ಸೀಸೆಯ ಪೆಟ್ರೋಲನ್ನು ತೊಟ್ಟಿಗೆ ಮರಳಿ ಸುರಿಯುವಾಗ ತಳದ ಒಂದು ಬೆರಳಿನಷ್ಟನ್ನು ಸೀಸೆಯಲ್ಲಿಯೇ ಉಳಿಸಬೇಕು. ತೆಗೆದ ಕಸವೆಲ್ಲ ಅಲ್ಲಿರುತ್ತದೆ.