ಸ್ಕೂಟರಿನ ಎಣ್ಣೆ ಮತ್ತು ಟ್ಯಾಪೆಟ್



ವಿರೂಪಾಕ್ಷಿಪುರದ ಕಡೆ ಈಗ ಹಾಲಿನ ಕ್ಯಾನು, ಹಿಪ್ಪುನೇರಳೆ ಸೊಪ್ಪು ಹೊರುವುದಕ್ಕೂ ಸ್ಕೂಟರೇ ಬೇಕು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟ ಗಾಡಿ ನಡುದಾರಿಯಲ್ಲಿ ನಿಂತರೆ ಅಂದಿನ ಹರಾಜು ತಪ್ಪಿದಂತೆಯೇ. ಆದ್ದರಿಂದ ಎರಡು ವಿಷಯಗಳನ್ನು ತಿಳಿದಿರಬೇಕು.

ಎಣ್ಣೆ: ಡಬ್ಬಿಯ ಮೇಲಿನ 10ಡಬ್ಲ್ಯು-30 ಎಂಬುದರಲ್ಲಿ ಮೊದಲ ಅಂಕಿ ತಣ್ಣಗಿರುವಾಗ ಎಣ್ಣೆ ಹರಿಯುವ ಗುಣವನ್ನು, ಎರಡನೆಯದು ಬಿಸಿಯಲ್ಲಿ ಉಳಿಯುವ ಮಂದವನ್ನು ಸೂಚಿಸುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿರಿ. ಗೇರಿಲ್ಲದ ಸ್ಕೂಟರಿಗೆಂದು ಮಾಡಿದ ಎಂ.ಬಿ. ಗುರುತಿನ ಎಣ್ಣೆಯನ್ನು ಗೇರಿನ ಮೋಟಾರ್ ಸೈಕಲ್ಲಿಗೆ ಹಾಕಬಾರದು. ಅದರ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುವುದರಿಂದ ಜಾರುತ್ತದೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಅಳತೆ ಕಡ್ಡಿ ಒರೆಸಿ ಆಗಾಗ್ಗೆ ಮಟ್ಟ ನೋಡಿರಿ.

ಟ್ಯಾಪೆಟ್: ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ. ಕಡಮೆಯಾದರೆ ಸದ್ದೇ ಇರದು. ಅಪಾಯ ಇದರಲ್ಲೇ ಹೆಚ್ಚು. ತೂಬು ಮುಚ್ಚದ ಕೆರೆಯಲ್ಲಿ ನೀರು ನಿಲ್ಲುವುದುಂಟೆ? ಹಾಗೆಯೇ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರಿ, ಗಾಡಿ ಏರಿನಲ್ಲಿ ಸೋಲುತ್ತದೆ; ಕೊನೆಗೆ ವಾಲ್ವು ಸುಟ್ಟುಹೋಗುತ್ತದೆ.

ಎಂಜಿನ್ ಪೂರ್ತಿ ತಣಿದ ಮೇಲೆ, ಪಿಸ್ಟನ್ ಮೇಲಿದ್ದು ಎರಡೂ ವಾಲ್ವು ಮುಚ್ಚಿರುವಾಗ, ತಗಡಿನ ಅಳತೆಪಟ್ಟಿಯಿಂದ ಸಂದು ನೋಡಬೇಕು. ಒಳಗಾಳಿಯ ವಾಲ್ವಿಗೂ ಹೊಗೆಯ ವಾಲ್ವಿಗೂ ಪುಸ್ತಕದಲ್ಲಿ ಕೊಟ್ಟಿರುವ ಅಳತೆಯನ್ನೇ ಇಡಿರಿ. ಗಾಡಿ ಬಿಸಿಯಿದ್ದಾಗಲೇ ತಿರುಗಿಸಲು ಹೊರಟ ಮೆಕ್ಯಾನಿಕನನ್ನು ತಡೆಯಿರಿ.

ಪೆಟ್ರೋಲಿಗೆ ಎಣ್ಣೆ ಬೆರೆಸುವ ಹಳೆಯ ಟೂ-ಸ್ಟ್ರೋಕ್ ಮೊಪೆಡ್ಡುಗಳಿಗೆ ಇಂಥ ವಾಲ್ವುಗಳೇ ಇಲ್ಲ. ಮೇಲಿನ ಮಾತು ಫೋರ್-ಸ್ಟ್ರೋಕ್ ಗಾಡಿಗಳಿಗೆ ಮಾತ್ರ. ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವು ಹಾಕುವಂತೆ, ಎಣ್ಣೆ ಬದಲಿಸಿದ ದಿನವನ್ನೂ ಓಡಿದ ಕಿಲೋಮೀಟರನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ.