ಕೋಲಿನ ನೆರಳು ಕಲಿಸಿದ ಪಾಠ

ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದ ದಿನಗಳವು. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದೆ. ‘ಹಾಗಾದರೆ ಆಗಲೂ ನಮ್ಮ ನೆರಳು ಯಾಕೆ ಬೀಳುತ್ತೆ ಸರ್?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪಾಠ ಮುಗಿಸುವ ಅವಸರದಲ್ಲಿದ್ದ ನಾನು ಅವಳನ್ನು ಗದರಿಸಿ ಕೂರಿಸಿದೆ. ಆ ವರ್ಷ ಅವಳು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಉತ್ತರ ನನಗೇ ಗೊತ್ತಿರಲಿಲ್ಲ ಎಂಬುದು ನಿಜ ಸಂಗತಿ. ಮರುವರ್ಷ ಮೈದಾನದಲ್ಲಿ ಒಂದು ಮೀಟರ್ ಎತ್ತರದ ಕೋಲು ನೆಟ್ಟು ಮಕ್ಕಳಿಂದಲೇ ಅಳತೆ ಮಾಡಿಸಿದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲ ನೆರಳೇ ಮುಕ್ಕಾಲು ಮೀಟರಿನಷ್ಟಿತ್ತು. ಅತಿ ಗಿಡ್ಡ ನೆರಳು ಬಿದ್ದದ್ದು ಹನ್ನೆರಡಕ್ಕಲ್ಲ, ಹನ್ನೆರಡೂಕಾಲು ದಾಟಿದ ಮೇಲೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕೆ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಇಲ್ಲಿ ಸೂರ್ಯ ನಿಜಕ್ಕೂ ನೆತ್ತಿಗೆ ಬರುವುದು ವರ್ಷದಲ್ಲಿ ಎರಡೇ ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ.

ಇಂಥ ಕಲಿಕೆ ಒಬ್ಬಿಬ್ಬರು ಶಿಕ್ಷಕರ ಹವ್ಯಾಸವಾಗಿಯೇ ಉಳಿಯಬೇಕಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. ಮಕ್ಕಳು ಪ್ರಯೋಗ ಮಾಡಿ ಕಲಿತರು. ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆದರು. ಅದರ ಜೀವಾಳ ಉಪಕರಣಗಳಲ್ಲ, ಶಿಕ್ಷಕರು. ಅವರಿಗೆ ತರಬೇತಿಯಿತ್ತು, ತಿಂಗಳಿಗೊಮ್ಮೆ ಸೇರಿ ತೊಡಕುಗಳನ್ನು ಚರ್ಚಿಸುವ ಏರ್ಪಾಡಿತ್ತು. ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿಬಿಟ್ಟಿತು.

2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆಯ್ದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ನೀಡುತ್ತದೆ. ಇದು ಸ್ವಾಗತಾರ್ಹವೇ. ಆದರೆ ತ್ರೀಡಿ ಪ್ರಿಂಟರ್ ಮಗುವಿನ ಪ್ರಶ್ನೆಯನ್ನು ಆಲಿಸಲಾರದು. ಉತ್ತರ ಹುಡುಕಿಕೊಡಲು ಈಗ ಮೊಬೈಲ್ ಫೋನ್ ಸಾಕು. ಆ ಉತ್ತರ ಸರಿಯೇ ಎಂದು ಪರೀಕ್ಷಿಸುವುದನ್ನು ಕಲಿಸಲು ಶಿಕ್ಷಕರೇ ಬೇಕು. ದಾಖಲೆ ತುಂಬುವುದರಲ್ಲಿ, ಪಾಠ ಮುಗಿಸುವುದರಲ್ಲಿ ಅವರ ದಿನ ಕಳೆದುಹೋದರೆ ಅದು ಸಾಧ್ಯವಾಗುವುದು ಹೇಗೆ? ಅವರಿಗೆ ಬಿಡುವು ಬೇಕು, ಸಹೋದ್ಯೋಗಿಗಳೊಡನೆ ಕಲಿಯುವ ಅವಕಾಶ ಬೇಕು. ‘ನನಗೆ ಗೊತ್ತಿಲ್ಲ, ಬನ್ನಿ ನೋಡೋಣ’ ಎಂದರೆ ಅದು ಅವಮಾನವಲ್ಲ ಎಂಬ ವಾತಾವರಣ ಎಲ್ಲಕ್ಕಿಂತ ಮೊದಲು ಬೇಕು.

ಏಪ್ರಿಲ್ 24 ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ. ಆಗಸ್ಟ್‌ನಲ್ಲಿ ಶಾಲೆಗಳು ತೆರೆದಿರುತ್ತವೆ. ಮೋಡವಿಲ್ಲದಿದ್ದರೆ ಅಂದು ಮಕ್ಕಳನ್ನು ಅರ್ಧ ಗಂಟೆ ಮೈದಾನಕ್ಕೆ ಕರೆದೊಯ್ಯಿರಿ ಎಂಬುದು ಶಿಕ್ಷಕಬಂಧುಗಳಲ್ಲಿ ನನ್ನ ವಿನಂತಿ. ಅದಕ್ಕೆ ಬೇಕಾದದ್ದು ಒಂದು ಕೋಲು. ಅಂದು ನಾನು ಕೂರಿಸಿದ ಹುಡುಗಿಗೆ ಕೊಡಬೇಕಿದ್ದುದೂ ಅಷ್ಟೇ.