ಕೆಂಪು ಮಣ್ಣು, ಕಾಲೇಜಿನ ಮ್ಯಾಟು

ಸೋಲಾಪುರ ಜಿಲ್ಲೆಯ ಎರೆಹೊಲ ಬಿಳಿಜೋಳಕ್ಕೆ ಹೇಳಿ ಮಾಡಿಸಿದ್ದು. ಕುಸ್ತಿಗೆ ಮಾತ್ರ ಅದು ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಹೆಂಟೆಗಟ್ಟುತ್ತದೆ, ನೀರು ಬಿದ್ದರೆ ಮೈಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಅದಕ್ಕೇ ಸಲಗರ ಬುದ್ರುಕ, ಅಕ್ಕಲಕೋಟದ ಕಡೆ, ಕನ್ನಡ ಮರಾಠಿ ಎರಡೂ ಬೆರೆತ ಸೀಮೆಯಲ್ಲಿ ತಾಲೀಮು (ಗರಡಿ) ಕಟ್ಟಬೇಕೆಂದರೆ ಮೊದಲು ಕೆಂಪು ಮಣ್ಣು ತರಿಸಬೇಕು. ಪೈಲ್ವಾನರನ್ನು ಹುಡುಕುವುದು ಆಮೇಲಿನ ಮಾತು.

ತಂದ ಮಣ್ಣನ್ನು ಹಾಗೇ ಸುರಿಯುವಂತಿಲ್ಲ. ಹರಳು, ಬೇರು ಒಂದೂ ಉಳಿಯದಂತೆ ಜರಡಿ ಹಿಡಿಯಬೇಕು. ಆಮೇಲೆ ಮಜ್ಜಿಗೆ, ಎಣ್ಣೆ, ನಿಂಬೆಹಣ್ಣಿನ ರಸ, ಅರಿಶಿನ, ಕರ್ಪೂರ. ಕೈಯಲ್ಲಿ ದುಡ್ಡಿದ್ದ ತಾಲೀಮಿನವರು ತುಪ್ಪವನ್ನೂ ಹಾಕುತ್ತಾರೆ. ಅರಿಶಿನ ಇರುವುದು ತರಚಿದ ಗಾಯಕ್ಕೆ, ಎಣ್ಣೆ ಇರುವುದು ಮಣ್ಣು ಮೆತ್ತಗಾಗಲಿ ಎಂದು. ದಿನಾ ಬೆಳಿಗ್ಗೆ ಗುದ್ದಲಿ ಹಿಡಿದು ಆ ಮಣ್ಣನ್ನು ಅಗೆದು ಸಡಿಲಿಸುವುದು ಹೊಸ ಹುಡುಗರ ಪಾಲಿನ ಕೆಲಸ. ತೋಳು, ಬೆನ್ನು ಗಟ್ಟಿಯಾಗುವುದು ಅಲ್ಲಿಂದಲೇ. ಜೋರು, ಬೈಠಕ್ ಎಲ್ಲ ನಂತರ. ಎದುರಾಳಿಯ ಬೆವೆತ ಮೈ ಜಾರಿದಾಗ ಪೈಲ್ವಾನ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅವನ ಬೆನ್ನಿಗೋ ತೋಳಿಗೋ ಸವರುತ್ತಾನಲ್ಲ, ನೋಡುವವರಿಗೆ ಅದು ಶಾಸ್ತ್ರದ ಹಾಗೆ ಕಾಣುತ್ತದೆ. ಅವನಿಗೆ ಬೇಕಾದದ್ದು ಹಿಡಿತ.

ಕುಸ್ತಿ ಎಂದರೆ ಬರೀ ಕಸುವು ಎಂದುಕೊಂಡವರು ಢಾಕ್ ಪಟ್ಟನ್ನು ನಿಧಾನವಾಗಿ ಗಮನಿಸಬೇಕು. ಎದುರಾಳಿಯ ಕೊರಳನ್ನು ಒಂದು ತೋಳಿನಲ್ಲಿ ಸುತ್ತಿ ಹಿಡಿಯಬೇಕು, ಇನ್ನೊಂದು ಕೈಯಿಂದ ಅವನ ತೋಳನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಎಳೆದ ಗಳಿಗೆಯಲ್ಲೇ ತಿರುಗಿ, ತನ್ನ ಸೊಂಟವನ್ನು ಅವನ ಹೊಟ್ಟೆಯ ಕೆಳಗೆ ತೂರಿಸಿ, ಅವನನ್ನು ಅದರ ಮೇಲಿಂದ ಹಾಯಿಸಿ ಬೀಳಿಸಬೇಕು. ಎತ್ತುವ ಶ್ರಮ ಇಲ್ಲಿ ಕಡಿಮೆ. ಎದುರಾಳಿ ಮುಂದಕ್ಕೆ ನುಗ್ಗಿದ ರಭಸವೇ ಅವನನ್ನು ಕೆಡವುತ್ತದೆ. ಆ ರಭಸ ಬರುವ ಮುಂಚೆ ತಿರುಗಿದರೆ ಅವನು ನಿಮ್ಮ ಬೆನ್ನಿಗೆ ಬೀಳುತ್ತಾನೆ, ತಡವಾದರೆ ಕೊರಳು ಜಾರಿಸಿಕೊಂಡು ಹೋಗುತ್ತಾನೆ. ಕುಸ್ತಿ ಕಲಿಸುವ ವಸ್ತಾದರು ಒಂದೇ ಪಟ್ಟನ್ನು ವರ್ಷಗಟ್ಟಲೆ ಮಾಡಿಸುವುದು ಆ ತಿರುವಿನ ಹೊತ್ತು ಮೈಗೆ ತಿಳಿಯಲಿ ಎಂದೇ.

ಈ ವಿದ್ಯೆಯನ್ನು ಬರೆದಿಟ್ಟವರೂ ಇದೇ ಸೀಮೆಯವರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಅಧ್ಯಾಯವಿದೆ. ಮಲ್ಲರನ್ನು ವಯಸ್ಸು, ಬಲ ನೋಡಿ ವಿಂಗಡಿಸುವುದರಿಂದ ಹಿಡಿದು ಅವರ ಊಟ, ಸಾಮಿನವರೆಗೆ ಅಲ್ಲಿ ಬಂದುಹೋಗುತ್ತದೆ. ಅವನ ರಾಜಧಾನಿ, ಇಂದಿನ ಬಸವಕಲ್ಯಾಣ, ಅಕ್ಕಲಕೋಟದಿಂದ ಬಹಳ ದೂರವೇನಲ್ಲ.

ಈ ಮಣ್ಣಿನ ವಿದ್ಯೆಗೂ ಕಾಲೇಜಿಗೂ ಏನು ಸಂಬಂಧ? ಆಟಗಳನ್ನು ದೇಶದಿಂದ ದೇಶಕ್ಕೆ ಹೊತ್ತವರಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು. ರೊಮೇನಿಯಾಕ್ಕೆ ರಗ್ಬಿ ಬಂದದ್ದು ಪ್ಯಾರಿಸ್ಸಿನಲ್ಲಿ ಓದಿ ಮರಳಿದ ಹುಡುಗರ ಜೊತೆ. 1924ರ ಪ್ಯಾರಿಸ್ ಒಲಿಂಪಿಕ್ಸಿನ ರಗ್ಬಿಯಲ್ಲಿ ಇದ್ದದ್ದೇ ಮೂರು ತಂಡ. ಫ್ರಾನ್ಸಿಗೂ ಅಮೆರಿಕಕ್ಕೂ ಸೋತು ರೊಮೇನಿಯಾ ಕಂಚಿನ ಪದಕ ಹಿಡಿದುಕೊಂಡು ಊರಿಗೆ ಹೋಯಿತು. ಅಲ್ಲಿ ಆಟವೇ ಕಾಲೇಜಿನವರ ಕೈಯಿಂದ ಬಂತು. ಇಲ್ಲಿ ಆಟ ಮೊದಲೇ ಜಾತ್ರೆಯಲ್ಲಿತ್ತು, ಕಾಲೇಜು ಅದಕ್ಕೆ ಹೊರಗಿನ ದಾರಿ ತೋರಿಸಿತು.

ಶಾಹು ಮಹಾರಾಜರು ಖಾಸಬಾಗ ಕುಸ್ತಿ ಮೈದಾನ ಕಟ್ಟಿಸಿದ ಕೊಲ್ಹಾಪುರದಲ್ಲಿ, ರಾಜಾರಾಮ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಖಾಶಾಬಾ ಜಾಧವ 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದರು. ಮಣ್ಣಿನಲ್ಲಿ ಬೆಳೆದವರಿಗೆ ಮ್ಯಾಟಿನ ರೂಢಿ ಇರಲಿಲ್ಲ, ಅಂತರರಾಷ್ಟ್ರೀಯ ನಿಯಮಗಳೂ ಹೊಸವು. ಆದರೂ ಆರನೆಯ ಸ್ಥಾನ. ನಾಲ್ಕು ವರ್ಷದ ನಂತರ ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲದಾಗ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರರು ಸ್ವಂತ ಮನೆ ಒತ್ತೆಯಿಟ್ಟು 7000 ರೂಪಾಯಿ ಕೊಟ್ಟರು. ಖಾಶಾಬಾ ಬ್ಯಾಂಟಮ್‌ವೇಟ್ ವಿಭಾಗದಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಅವರ ಮೆಚ್ಚಿನ ಪಟ್ಟು ಇದೇ ಢಾಕ್. ಅದೇ ಕೂಟದಲ್ಲಿ ಕೊಲ್ಹಾಪುರದ ಕೇಶವ ಮಾಣಗಾವೆ ಫೆದರ್‌ವೇಟ್‌ನಲ್ಲಿ ನಾಲ್ಕನೆಯವರಾದರು. ಕೂದಲೆಳೆಯಲ್ಲಿ ತಪ್ಪಿದ ಪದಕ, ಈಗ ಅವರ ಹೆಸರು ಹೇಳುವವರೂ ಕಡಿಮೆ.

ಮಣ್ಣು, ಮ್ಯಾಟು ಎರಡೂ ಬೇರೆ ಬೇರೆ ತಾಳ್ಮೆ ಕೇಳುತ್ತವೆ. ಮ್ಯಾಟಿನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಪ್ರತಿ ಪಟ್ಟಿಗೂ ಪಾಯಿಂಟು. ವೇಗ ಇದ್ದವನದೇ ರಾಜ್ಯ. ಜಾತ್ರೆಯ ಕಣದಲ್ಲಿ ಪಾಯಿಂಟಿನ ಲೆಕ್ಕವಿಲ್ಲ, ಬೆನ್ನು ನೆಲಕ್ಕೆ ಹತ್ತಿದರೇ ಚಿತ್. ದೊಡ್ಡ ಜೋಡಿ ಅರ್ಧ ತಾಸು ಕೊರಳಿಗೆ ಕೊರಳು ಕೊಟ್ಟು ನಿಂತರೆ ಹಲಗಿ ಬಾರಿಸುವವನಿಗೇ ಸುಸ್ತಾಗುತ್ತದೆ. ಆ ಹೊತ್ತಿನಲ್ಲಿ ಏನೂ ನಡೆಯುತ್ತಿಲ್ಲ ಎಂದು ಗೊಣಗುವವರಿಗೆ ನಾನು ಹೇಳುವುದಿಷ್ಟು: ಅವರ ಕಾಲಿನ ಹೆಬ್ಬೆರಳು ನೋಡಿ. ಭಾರ ಎತ್ತ ವಾಲುತ್ತಿದೆ ಎಂದು ಅದು ಹೇಳುತ್ತದೆ. ಮಣ್ಣಿನ ಕುಸ್ತಿಯ ಕಾಲ ಮುಗಿಯಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮ್ಯಾಟಿನಲ್ಲಿ ಕಲಿತವನಿಗೆ ಚುರುಕು ಬರುತ್ತದೆ, ಎದುರಿನವನ ಮೈಯ ಭಾರವನ್ನು ಅಂಗೈಯಿಂದ ಅಳೆಯುವುದನ್ನು ಕಲಿಸುವುದು ಮಣ್ಣೇ.

ಕನ್ನಡ, ಮರಾಠಿ ಸೀಮೆಗಳ ಗಡಿ ಈ ಲೋಕದಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. 1959ರಲ್ಲಿ ಪಂಜಾಬಿನ ಬಂತಾಸಿಂಗರನ್ನು ಚಿತ್ ಮಾಡಿ ಮೊದಲ ‘ಹಿಂದ್ ಕೇಸರಿ’ ಬಿರುದು ಪಡೆದ ಶ್ರೀಪತಿ ಖಂಚನಾಳೆ ಬೆಳಗಾವಿ ಜಿಲ್ಲೆಯ ಎಕ್ಸಂಬದವರು, ಪಳಗಿದ್ದು ಕೊಲ್ಹಾಪುರದಲ್ಲಿ. ಜಾತ್ರೆಯ ಕಣದಲ್ಲಿಯೂ ಹಾಗೇ, ಯಾವ ಕಡೆಯವರಾದರೂ ಕ್ರಮ ಒಂದೇ. ಮೊದಲು ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿ, ಆಮೇಲೆ ರೊಕ್ಕದ ಕುಸ್ತಿ, ಕೊನೆಗೆ ಬೆಳ್ಳಿ ಕಡೆಯ ಕುಸ್ತಿ. ಜೋಡಿ ಹಚ್ಚುವ ಹಿರಿಯರಿಗೆ ತಕ್ಕಡಿ ಬೇಕಿಲ್ಲ. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಕೈ ಹಿಡಿಸಿ, ಭುಜ, ಮಣಿಕಟ್ಟು ಮುಟ್ಟಿ ನೋಡುತ್ತಾರೆ. ಒಪ್ಪಿಗೆಯಾಗದಿದ್ದರೆ ಒಬ್ಬನನ್ನು ಹಿಂದಕ್ಕೆ ಕಳಿಸಿ ಇನ್ನೊಬ್ಬನನ್ನು ಕರೆಯುತ್ತಾರೆ. ಹುಡುಗ ಎಷ್ಟೇ ಸೆಡ್ಡು ಹೊಡೆದರೂ ಅವರ ಮಾತೇ ಕಡೆಯ ಮಾತು.